ಹುಳುಮನೆ ತೊಳೆದ ನೀರು

ಬೆಳಿಗ್ಗೆ ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪೌಡರ್ ಎರಚಿ ಹೋದರು. ಆ ಘಾಟು ಮೂಗಿಗೆ ಬಡಿದರೆ ನನಗೆ ಈಗಲೂ ದೊಡ್ಡಪ್ಪನ ಮುಖವೇ ಕಾಣುತ್ತದೆ.

ಕೆಂಚಾರ್ಲಹಳ್ಳಿಯ ನಮ್ಮ ಮನೆಯಲ್ಲಿ ಎಲ್ಲವನ್ನೂ ಬಲ್ಲವರು ಅವರೊಬ್ಬರೇ. ರೇಷ್ಮೆಹುಳು ಸಾಕುವ ಮನೆಯ ಹಿಂದೆ ಹುಣಸೆಮರದ ನೆರಳಿತ್ತು. ಅಲ್ಲಿ ಏನೂ ಬೆಳೆಯದು ಎಂಬುದು ಅವರ ತೀರ್ಪು. ನಮ್ಮ ಟೀಚರ್ ಊಟಿಯಿಂದ ತಂದ ಕೊಲಂಬೈನ್ ಹೂವಿನ ಬೀಜ ಕೊಟ್ಟು, "ನೆರಳಲ್ಲೇ ಹಾಕು, ಮೇಲೆ ಮಣ್ಣು ಮುಚ್ಚಬೇಡ" ಎಂದಿದ್ದರು. ಎಳ್ಳಿಗಿಂತ ಸಣ್ಣ, ಹೊಳೆಯುವ ಕರಿ ಬೀಜ. ಆ ಹುಣಸೆಯ ನೆರಳಲ್ಲೇ ಉದುರಿಸಿದೆ. ತಿಂಗಳು ಕಾದ ಮೇಲೆ ಉಗುರಿನಷ್ಟು ಸಸಿ ಎದ್ದವು.

ಆ ವಾರವೇ ರೇಷ್ಮೆಗೂಡು ಮಾರಿ ಆಯಿತು. ಮುಂದಿನ ಬೆಳೆಗೆಂದು ದೊಡ್ಡಪ್ಪ ಹುಳುಮನೆಯನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದು, ಆ ನೀರಷ್ಟನ್ನೂ ಹಿಂಬಾಗಿಲಿನಿಂದ ಹೊರಗೆ ಗುಡಿಸಿದರು. ಮೂರನೇ ದಿನಕ್ಕೆ ಸಸಿಗಳು ಬಿಳಿಚಿಕೊಂಡು ಸತ್ತವು.

"ನಿನ್ನ ಕೈಗುಣಾನೇ ಸರಿಯಿಲ್ಲ ಕಣೇ," ಎಂದರು, ಪೊರಕೆ ಹಿಡಿದಿದ್ದ ಆ ಮಹಾಜ್ಞಾನಿ. ಅಷ್ಟಕ್ಕೇ ಬಿಡಲಿಲ್ಲ. ಅವರೆ ಬಿತ್ತುವ ದಿನ ಹೆಂಗಸರೆಲ್ಲ ಸಾಲಿಗೆ ಕಾಳು ಹಾಕುತ್ತಿದ್ದರೆ, ನನ್ನನ್ನು ಬದುವಿನ ಮೇಲೆ ಕೂರಿಸಿದರು. ಮದುವೆಯಾಗಿ ಹೊರಡುವವರೆಗೂ ಆ ಹೊಲದಲ್ಲಿ ನಾನು ಒಂದು ಕಾಳೂ ಬಿತ್ತಲಿಲ್ಲ.

ಈಗ ಚಿಂತಾಮಣಿಯ ನನ್ನ ಮನೆಯ ನೆರಳಿನ ಮೂಲೆಯಲ್ಲಿ, ಬೀಜದಿಂದಲೇ ಬೆಳೆಸಿದ ನೇರಳೆ ಕೊಲಂಬೈನ್ ತಲೆ ಬಾಗಿಸಿ ತೂಗುತ್ತಿದೆ. ಮಧ್ಯಾಹ್ನ ಊಟಕ್ಕೆ ಬಂದ ದೊಡ್ಡಪ್ಪ ನೋಡಿ ಕಣ್ಣರಳಿಸಿದರು.

"ನಮ್ಮ ಮನೆತನದ ಕೈಗುಣ ಕಣಮ್ಮ! ನಂಗೂ ಒಂದಿಷ್ಟು ಬೀಜ ಕೊಡು."

ಪೊಟ್ಟಣ ಕಟ್ಟಿ ಕೊಟ್ಟೆ. "ಹುಳುಮನೆ ತೊಳೆದ ನೀರು ಮಾತ್ರ ಹುಯ್ಯಬೇಡಿ ದೊಡ್ಡಪ್ಪ. ಆಮೇಲೆ ನಿಮ್ಮ ಕೈಗುಣ ಸರಿಯಿಲ್ಲ ಅಂತಾರೆ."