ಆರತಿ ಹಾಡಿನ ಬೆನ್ನಿಗೆ ಬಂದ ರ‍್ಯಾಪ್

ನನ್ನ ವಿಮರ್ಶಾ ಸಾಮರ್ಥ್ಯದ ಬಗ್ಗೆ ನನಗೆ ಬಹಳ ಗೌರವವಿತ್ತು. ಬೇರೆ ಯಾರಿಗೂ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ತೊಂಬತ್ತರ ದಶಕದಲ್ಲಿ ಅಮೆರಿಕದ ಒಂದು ರ‍್ಯಾಪ್ ತಂಡದ ಮೊದಲ ಕ್ಯಾಸೆಟ್ ಬಸವನಗುಡಿಯ ನಮ್ಮ ಗುಂಪಿಗೆ ಹುಚ್ಚು ಹಿಡಿಸಿತ್ತು. ಬಸ್ ಕಂಡಕ್ಟರನಿಂದ ಸಂಸ್ಕೃತ ಮೇಷ್ಟ್ರವರೆಗೆ ಎಲ್ಲರನ್ನೂ ಅಣಕಿಸುತ್ತಿದ್ದ ನಾನು, ಒಂದಕ್ಷರ ಅರ್ಥವಾಗದಿದ್ದರೂ ಆ ರ‍್ಯಾಪರ್‌ಗಳನ್ನೂ ಅಣಕಿಸಿ ಹೆಸರು ಮಾಡಿದ್ದೆ. ಎರಡನೇ ಆಲ್ಬಮ್ ಬಂದಾಗ ಚಾಮರಾಜಪೇಟೆಯ ಗೆಳೆಯ ಪ್ರಹ್ಲಾದ ಹೇಗೋ ತರಿಸಿಕೊಂಡು, ಸುತ್ತಿದ ಕಾಗದವನ್ನೂ ಬಿಚ್ಚದೆ ನನಗೇ ಕೊಟ್ಟ. “ಮಗಾ, ಮೊದ್ಲು ನೀನು ಕೇಳಿ ಹೇಳು.”

ಕೇಳಿದೆ. ಕೂಗಾಟವಿಲ್ಲ, ನಿಧಾನ, ತಮ್ಮಷ್ಟಕ್ಕೇ ಮಾತಾಡಿಕೊಂಡಂತೆ. ಅಣಕಿಸಲು ಹಿಡಿಯೇ ಸಿಗಲಿಲ್ಲ. ಮಿಮಿಕ್ರಿಯವನಿಗೆ ಇದಕ್ಕಿಂತ ದೊಡ್ಡ ಅವಮಾನವುಂಟೆ? ಗಾಂಧಿ ಬಜಾರಿನಲ್ಲಿ ಕಾಫಿ ಹಿಡಿದು, ಕೆಮ್ಮುತ್ತಾ ಕೋಲೂರುವ ಮುದುಕನ ದನಿಯಲ್ಲಿ ರ‍್ಯಾಪ್ ಹೇಳಿ, “ಮುಗೀತು ಗುರು, ಪಿಂಚಣಿ ತಗೊಳ್ಳೋ ವಯಸ್ಸು” ಎಂದು ತೀರ್ಪು ಕೊಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ರಹ್ಲಾದನೂ ನಕ್ಕು, “ಹಾಗಾದ್ರೆ ನೀನೇ ಇಟ್ಕೊ” ಎಂದ.

ಅದೇ ವಾರ ನನ್ನ ಸೋದರತ್ತೆಗೆ, ಮಗಳು ಕೇಳಿ ಕಲಿಯಲೆಂದು ತಾವೇ ಹಾಡಿ ರೆಕಾರ್ಡ್ ಮಾಡಿಡಲು ಒಂದು ಕ್ಯಾಸೆಟ್ ಬೇಕಾಗಿತ್ತು. ಮಗಳ ಮದುವೆ ಹತ್ತಿರವಿತ್ತು. ಗಂಡನ ಮನೆಯವರು “ಒಂದು ಆರತಿ ಹಾಡು ಹೇಳಮ್ಮ” ಎಂದರೆ ಹುಡುಗಿ ಪಿಳಿಪಿಳಿ ನೋಡಬಾರದಲ್ಲ! ಕ್ಯಾಸೆಟ್ಟಿನ ಮೇಲಂಚಿನ ತೂತುಗಳಿಗೆ ಕಾಗದ ತುರುಕಿದರೆ ಅದರ ಮೇಲೇ ರೆಕಾರ್ಡ್ ಮಾಡಬಹುದು. ಪ್ರಹ್ಲಾದನ ಕ್ಯಾಸೆಟ್ಟಿಗೆ ಹಾಗೆ ತುರುಕಿ ಅತ್ತೆಗೆ ಕೊಟ್ಟವನು ನಾನೇ.

ಹತ್ತು ವರ್ಷ ಕಳೆಯಿತು. ಲೋಕ ತಿಪ್ಪರಲಾಗ ಹಾಕಿತು. ‘ಮೊದಲನೆಯದು ಹುಡುಗಾಟ, ಎರಡನೆಯದೇ ಮಹಾಕೃತಿ’ ಎಂದು ಇಂಟರ್ನೆಟ್ಟಿನ ಪಂಡಿತರೆಲ್ಲ ಬರೆದರು. “ನಾನು ಆಗಲೇ ಹೇಳಿದ್ದೆ” ಎನ್ನಲು ನಾನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪ್ರಹ್ಲಾದನ ಫೋನು.

“ಆ ಕ್ಯಾಸೆಟ್ ಇದ್ಯೇನೋ? ಅವತ್ತು ನಿನ್ನ ಮಾತು ಕೇಳಿ ನಾನು ಅದನ್ನ ಕೇಳ್ಲೇ ಇಲ್ಲ ಕಣೋ.”

ಇಷ್ಟು ವರ್ಷದಲ್ಲಿ ನನ್ನ ತಮಾಷೆಯೊಂದು ನನಗೇ ಚುಚ್ಚಿದ್ದು ಅದೇ ಮೊದಲು. ಅವನನ್ನು ಅತ್ತೆಯ ಮನೆಗೇ ಕರೆದುಕೊಂಡು ಹೋಗಿ, ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ಅತ್ತೆ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದರು. ಒಂದು ಬದಿ ಪೂರ್ತಿ ದೇವರನಾಮ, ಇನ್ನೊಂದರಲ್ಲಿ ಐದು ಆರತಿ ಹಾಡುಗಳು, ನಡುವೆ ಕುಕ್ಕರಿನ ಮೂರು ಕೂಗು. ಕೊನೆಯ ಮಂಗಳ ಮುಗಿದದ್ದೇ ತಡ, ಹಾಡಿನ ಅರ್ಧದಿಂದ ಶುರುವಾಯಿತು ಆ ರ‍್ಯಾಪರ್‌ನ ತಗ್ಗಿದ ದನಿ.

“ಯಾರೋ ಇವ್ನು? ಹತ್ತು ವರ್ಷದಿಂದ ನನ್ನ ಮಂಗಳ ಆದ್ಮೇಲೆ ಬಂದು ಗೊಣಗ್ತಾನೆ!” ಎಂದರು ಅತ್ತೆ.

ಪ್ರಹ್ಲಾದ ಕಣ್ಣು ಮುಚ್ಚಿ, ಉಳಿದಿದ್ದ ಒಂದೂವರೆ ಹಾಡನ್ನೂ ಕೇಳಿದ. ನಾನೂ ಕೇಳಿದೆ, ಬಹುಶಃ ಮೊದಲ ಸಲ. ಚೆನ್ನಾಗಿತ್ತು. ಹಾಗೆನ್ನಲು ಬಾಯಿ ತೆರೆದೆ.

“ನೀನು ಸುಮ್ನಿರು,” ಎಂದ ಪ್ರಹ್ಲಾದ. ಆಮೇಲೆ ಅತ್ತೆಯ ಕಡೆ ತಿರುಗಿ, “ಅತ್ತೆ, ಮೊದಲ್ನಿಂದ ಹಾಕಿ. ನಿಮ್ಮ ಹಾಡನ್ನೂ ಇವನು ಏನಂದಿದ್ನೋ ಏನೋ, ನಾನೇ ಸರಿಯಾಗಿ ಕೇಳ್ಬಿಡ್ತೀನಿ.”