ಬಲಗಡೆಯ ಕೀಲು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಕಾಫಿ ಕುಡಿದು ಎದ್ದುಹೋಗಿದ್ದೇನೆ. ನಾಳೆ, ಹಬ್ಬ ಕಳೀಲಿ, ಚಳಿ ಬಿಡಲಿ ಎಂದು ಮುಂದೂಡುತ್ತಲೇ ಮುದುಕನಾದೆ.

ಆಗೆಲ್ಲ ಚಾಮರಾಜಪೇಟೆಯಲ್ಲಿ ಕಾರಿದ್ದ ಮನೆಯೆಂದರೆ ಬೀದಿಗೇ ಗುರುತು. ನಮ್ಮ ದೊಡ್ಡಪ್ಪನ ಹತ್ತಿರ ಹಳೆಯದೊಂದು ವಿಲಾಯಿತಿ ಕಾರಿತ್ತು. ಅವರ ಮನೆಯಲ್ಲೇ ಬೆಳೆದ ನನಗೂ ಅವರ ಮಗಳಿಗೂ ಗ್ರೀಸು, ಸೀಮೆಎಣ್ಣೆ ನಾರುವ ಆ ಶೆಡ್ಡೇ ಆಟದ ಮೈದಾನ. ನಾನಿನ್ನೂ ಮಿಡ್ಲ್ ಸ್ಕೂಲು, ಅಕ್ಕ ಎಸ್ಸೆಸ್ಸೆಲ್ಸಿ. ನಾನು ಸ್ಟೀರಿಂಗ್ ಹಿಡಿದು ಬಾಯಲ್ಲಿ ಹಾರನ್ ಹೊಡೆಯುತ್ತಿದ್ದರೆ ಅವಳು ಕಾರಿನಡಿ ಮಲಗಿರುತ್ತಿದ್ದಳು.

ಆ ಕಾರಿನ ರೋಗವಿದ್ದದ್ದು ಬಾನೆಟ್ಟಿನ ಕೀಲುಗಳಲ್ಲಿ. ಸವೆದುಹೋಗಿ, ಎತ್ತಿದರೆ ಬಾನೆಟ್ ವಾಲುತ್ತಿತ್ತು, ಮುಚ್ಚಿದರೆ ಕೂರುತ್ತಿರಲಿಲ್ಲ. ಒಮ್ಮೆ ಬಾನೆಟ್ಟಿಗೆ ಆನಿಸಿದ್ದ ಕೋಲು ಜಾರಿ ದೊಡ್ಡಪ್ಪನ ಬೆರಳು ಜಜ್ಜಿತು. ಹೊಸದು ಸಿಗೋಲ್ಲವೆಂದು ಮೆಕ್ಯಾನಿಕ್ ಕೈಯೆತ್ತಿದ ಮೇಲೆ ಅಕ್ಕ ದೊಡ್ಡಪ್ಪನ ಜೊತೆ ಗುಜರಿ ಅಂಗಡಿಗಳನ್ನು ಸುತ್ತಿ, ಬೇರಾವುದೋ ಗಾಡಿಯ ಜೋಡಿ ಕೀಲು ಹುಡುಕಿ ತಂದಳು.

"ನಾನೇ ಹಾಕ್ತೀನಪ್ಪ."

"ನೆಟ್ಟಗೆ ಕೂತ್ರೆ ಮುಂದಿನ್ ವರ್ಷ ಪಾಲಿಟೆಕ್ನಿಕ್ಕಿಗೆ ಕಳಿಸ್ತೀನಿ. ಕೂರ್ಲಿಲ್ಲ ಅಂದ್ರೆ ಅಡುಗೆಮನೇನೆ ನಿಂಗೆ ಪಾಲಿಟೆಕ್ನಿಕ್ಕು," ಎಂದರು ದೊಡ್ಡಪ್ಪ. ನಗುತ್ತಲೇ ಅಂದರೂ ಅವರು ಆಡಿದ ಮಾತು ತಪ್ಪುವವರಲ್ಲ.

ಆಯುಧಪೂಜೆಯ ಹಿಂದಿನ ದಿನ ಅಕ್ಕ ಕೆಲಸಕ್ಕಿಳಿದಳು. ಬಾನೆಟ್ಟಿನ ಸುತ್ತ ಸಂದು ಒಂದೇ ಸಮ ಬರಲೆಂದು ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ನಡುವೆ ತೂರಿಸಿದಳು. ಎಡಗಡೆಯ ಕೀಲು ಬಿಗಿಯಾಯಿತು. ಬಲಗಡೆಯ ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸುವಷ್ಟರಲ್ಲಿ ಮುಟ್ಟಾದಳು. ನಮ್ಮ ಮನೆಯಲ್ಲಿ ಆಗ ಹಿತ್ತಿಲ ಕೋಣೆಯಲ್ಲಿ ಕೂರಬೇಕು. ಯಾವುದನ್ನೂ ಮುಟ್ಟುವಂತಿಲ್ಲ, ಗಂಡಸರೆದುರು ಬರುವಂತಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ಸ್ಪ್ಯಾನರುಗಳನ್ನೆಲ್ಲ ತೊಳೆದು, ಕುಂಕುಮವಿಟ್ಟು ದೇವರ ಮುಂದೆ ಜೋಡಿಸಿದ್ದರು. ಇನ್ನು ವಿಜಯದಶಮಿಯವರೆಗೆ ಅವನ್ನು ಎತ್ತುವ ಹಾಗಿಲ್ಲ.

ಅಕ್ಕ ಹಿತ್ತಿಲಿಂದ ನನ್ನನ್ನು ಮೆಲ್ಲಗೆ ಕರೆದಳು. "ಲೋ, ಬಲಗಡೆದು ಬಿಗಿ ಆಗಿಲ್ಲ. ಪೂಜೆ ಮಾಡ್ಕೊಳ್ಲಿ, ಗಾಡಿ ಮಾತ್ರ ತೆಗೀಬೇಡಿ ಅಂತ ಅಪ್ಪಂಗೆ ಹೇಳ್ಬಿಡು. ಮರೀಬೇಡ್ವೋ."

"ಹೇಳ್ತೀನಿ ಹೋಗಕ್ಕ."

ಮರೆಯಲಿಲ್ಲ. ಹೇಳಲಿಲ್ಲ, ಅಷ್ಟೆ. ಪೂಜೆಯಾದ ಮೇಲೆ ಮುಂದಿನ ಸೀಟಿನಲ್ಲಿ ಕೂತು ಗಾಂಧಿಬಜಾರಿನವರೆಗೆ ಹೋಗಿಬರುವುದು ನನ್ನ ಪಾಲಿಗಿತ್ತು. ಅದನ್ನು ಬಿಡಲು ಮನಸ್ಸಾಗಲಿಲ್ಲ.

ಮರುದಿನ ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣು ಚಿಟ್ಟೆಂದು, ಬಾಳೆಕಂದು ಅಲ್ಲಾಡಿಸುತ್ತಾ ಕಾರು ಹೊರಟಿತು. ನನ್ನ ಜೇಬಿನ ತುಂಬ ಪುರಿ. ತಿರುವಿನಲ್ಲಿ ಚಕ್ರ ಗುಂಡಿಗಿಳಿಯಿತು. ಬಾನೆಟ್ಟಿನ ಬಲಮೂಲೆ ಕಳಚಿ, ಮೇಲೆದ್ದು ಗಾಜಿಗೆ ಅಪ್ಪಳಿಸಿತು. ಗಾಜು ಒಡೆದು ಚೂರು ತಾಗಿ ದೊಡ್ಡಪ್ಪನ ಹುಬ್ಬು ಸೀಳಿ ರಕ್ತ ಸುರಿಯಿತು.

"ಏನ್ ಸ್ವಾಮಿ, ಹಬ್ಬದೂಟಕ್ಕೆ ಗಾಡೀನೂ ಬಾಯ್ ತೆಗೀತಾ?" ಎಂದು ಯಾರೋ ಕೂಗಿದರು.

ಮನೆಯಲ್ಲಿ ದೊಡ್ಡಮ್ಮನ ಕೂಗಾಟ. "ಮುಟ್ಟಾಗೋ ಹೊತ್ನಲ್ಲಿ ಗಾಡಿ ಮುಟ್ಟಿದ್ಲು, ಇನ್ನೇನಾಗತ್ತೆ!"

"ಅದಲ್ಲಮ್ಮ, ನಾನು ಇವನ ಹತ್ರ ಹೇಳಿಕಳಿಸಿದ್ದೆ," ಎಂದಳು ಅಕ್ಕ, ಹಿತ್ತಿಲ ಬಾಗಿಲಾಚೆಯಿಂದ.

ಹುಬ್ಬಿಗೆ ಬಟ್ಟೆ ಒತ್ತಿಕೊಂಡೇ ದೊಡ್ಡಪ್ಪ ನನ್ನತ್ತ ತಿರುಗಿದರು. "ಹೇಳಿದ್ಲೇನೋ?"

"ಇಲ್ಲ ದೊಡ್ಡಪ್ಪ. ಎಲ್ಲಾ ಸರಿಯಾಗಿದೆ ಅಂದಿದ್ಲು."

ಅಕ್ಕ ಬಾಗಿಲ ಸಂದಿನಿಂದ ನನ್ನನ್ನು ನೋಡಿದಳು. ತಾನು ಸಾಕಿದ ನಾಯಿ ಕಚ್ಚಿದಾಗ ಮನುಷ್ಯರು ಹಾಗೆ ನೋಡುತ್ತಾರೆ.

ಹಬ್ಬ ಮುಗಿದ ಮೇಲೆ ಮೆಕ್ಯಾನಿಕ್ ಬಂದು, ಅವೇ ಬೋಲ್ಟುಗಳನ್ನು ಬಿಗಿಮಾಡಿದ. ಬಾನೆಟ್ ಎಷ್ಟು ಚೆಂದ ಕೂತಿತೆಂದರೆ, "ಯಾರ್ ಸ್ವಾಮಿ ಸೆಟ್ ಮಾಡಿದ್ದು?" ಎಂದು ಕೇಳಿದ. ದೊಡ್ಡಪ್ಪ ಅವನ ಕೂಲಿ ಎಣಿಸಿದರು, ನಾನು ಟಯರಿಗಂಟಿದ ನಿಂಬೆಸಿಪ್ಪೆ ಕೆರೆಯುತ್ತಾ ಕೂತೆ. ಶೆಡ್ಡಿಗೆ ಬೀಗ ಬಿತ್ತು. ಪಾಲಿಟೆಕ್ನಿಕ್ಕಿನ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಮುಂದಿನ ವರ್ಷ ಅವಳ ಮದುವೆಯಾಯಿತು.

ಯಾವ ಸಮಾರಂಭದಲ್ಲಿ ಸಿಕ್ಕರೂ "ಊಟ ಆಯ್ತಾ?" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚಿನದೇನನ್ನೂ ನನ್ನ ಕೈಗೆ ಕೊಡಲಿಲ್ಲ. ಒಮ್ಮೆ ಕೊಟ್ಟು ಕೆಟ್ಟವಳು.

ಆ ಕಾರು ಯಾರ ಪಾಲಾಯಿತೋ, ಶೆಡ್ಡಿದ್ದ ಜಾಗದಲ್ಲಿ ಏನಿದೆಯೋ, ಅವು ನನಗೆ ನಷ್ಟವಲ್ಲ. ಎಣ್ಣೆ ಮೆತ್ತಿದ ಕೈಯಲ್ಲೇ ಕಡಲೆಮಿಠಾಯಿ ಮುರಿದುಕೊಟ್ಟು, ತಾನು ಮುಂದೆ ಗ್ಯಾರೇಜು ಇಡುತ್ತೇನೆಂದು ನನ್ನೊಬ್ಬನಿಗೆ ಹೇಳಿದ್ದ ಹುಡುಗಿ ಇದ್ದಳಲ್ಲ, ಅವಳು ನಷ್ಟ. ಹೋದ ಕಾರ್ತಿಕದಲ್ಲಿ ವೈಯಾಲಿಕಾವಲಿನ ಮಗನ ಮನೆಯಲ್ಲಿ ತೀರಿಕೊಂಡಳು. ಅದಕ್ಕೆ ಮುಂಚೆ ನೋಡಲು ಹೋದಾಗಲೂ ಮೋಸಂಬಿ ಕೊಟ್ಟು, ಮಳೆಯ ಮಾತಾಡಿ ಎದ್ದುಬಂದೆ. ತಪ್ಪಾಯ್ತು ಎಂಬ ಒಂದು ಮಾತನ್ನು ನಾನು ಆಡದೆ ಕಳಿಸಿಕೊಟ್ಟ ಅಕ್ಕನ ಹೆಸರು ವಿಶಾಲಾಕ್ಷಿ.