ಗೆಂಡೆಗೆ ಉಡಿ ತುಂಬಿದ ಯಮನೂರ

ಯಮನೂರ ಬೆಂಗಳೂರಿಗೆ ಬಂದಾಗ ಅವನ ಬಾಯಲ್ಲಿ ಮೂವತ್ತೆರಡು ಹಲ್ಲಿದ್ದವು. ಅವುಗಳಿಂದ ಅವನು ಕಬ್ಬಿಣದ ತಂತಿ ಕತ್ತರಿಸುತ್ತಿದ್ದ. ಒಮ್ಮೆ ಕಾಡುಗೋಡಿ ಮಾರ್ಕೆಟ್ಟಿನಲ್ಲಿ ಬ್ರೇಕು ಬಿಟ್ಟು ಜಾರುತ್ತಿದ್ದ ಟೆಂಪೋವನ್ನು ಹಗ್ಗ ಕಚ್ಚಿ ನಿಲ್ಲಿಸಿದನೆಂದು ನೋಡಿದವರಿಗಿಂತ ನೋಡದವರು ಹೆಚ್ಚು ಖಚಿತವಾಗಿ ಹೇಳುತ್ತಾರೆ. ಈಗ ಉಳಿದಿರುವುದು ಇಪ್ಪತ್ತೊಂಬತ್ತು. ಹೋದ ಮೂರೂ ಒಂದೇ ಬೆಳಿಗ್ಗೆ, ಒಂದೇ ಮೀನಿನ ದೆಸೆಯಿಂದ ಹೋದವು. ಮೊದಲ ಎರಡನ್ನು ಉದುರಿಸಿದವರನ್ನು ಅವನು ಕ್ಷಮಿಸಿದ್ದಾನೆ. ಮೂರನೆಯದನ್ನು ಉದುರಿಸಿದವನ ಮೇಲೆ ಮಾತ್ರ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಅವನು ಕೃಷ್ಣಾ ನದಿಯ ದಂಡೆಯವನು, ರಾಯಚೂರು ಕಡೆ. ದೋಣಿ ನಡೆಸಿ, ಬಲೆ ಬೀಸಿ ಬದುಕಿದ ಮನೆತನ. ಯಮನೂರನಿಗೆ ಈಜು ಯಾರೂ ಕಲಿಸಲಿಲ್ಲ, ನಡೆಯುವುದನ್ನು ಕಲಿಸುವುದೇ ಕಷ್ಟವಾಯಿತು ಎನ್ನುತ್ತಿದ್ದಳು ತಾಯಿ ದುರ್ಗವ್ವ. ಆಕೆಯ ಮನೆಯಲ್ಲೊಂದು ಕಟ್ಟಳೆ ಇತ್ತು. ಮುಂಗಾರಿನ ಕೆಂಪು ನೀರು ಬಂತೆಂದರೆ ಬಲೆ ಜಂತಿಗೆ ಏರಬೇಕು. ಆ ಎರಡು ತಿಂಗಳು ಹೊಳೆ ಬಸುರಿ. ಅಷ್ಟರ ಮೇಲೂ ಮೊಟ್ಟೆ ತುಂಬಿದ ಮೀನೊಂದು ತಾನಾಗಿ ಕೈಗೆ ಸಿಕ್ಕಿತೆಂದರೆ ಅದು ಹೆರಿಗೆಗೆಂದು ತವರಿಗೆ ಬಂದ ಮಗಳು. ಕೊಲ್ಲುವ ಮಾತೇ ಇಲ್ಲ. ಹಾಗೆಂದು ಸುಮ್ಮನೆ ನೀರಿಗೆ ಎಸೆಯುವಂತೆಯೂ ಇಲ್ಲ. ಅರಿಸಿನ ಕುಂಕುಮ ಹಚ್ಚಿ, ಒಂದು ಹಿಡಿ ಜೋಳ, ಒಂದು ಕುಬಸದ ಕಣ, ಎಂದರೆ ರವಿಕೆ ಬಟ್ಟೆ, ಇಟ್ಟು, ಉಡಿ ತುಂಬಿ ಕಳಿಸಬೇಕು. ಬರಿಗೈಯಲ್ಲಿ ಕಳಿಸಿದರೆ ಮಗಳು ಸುಮ್ಮನಿದ್ದರೂ ಅವಳ ಅತ್ತೆ ಸುಮ್ಮನಿರುವುದಿಲ್ಲ ಎಂಬುದು ದುರ್ಗವ್ವನ ವಾದ. ಮೀನಿನ ಅತ್ತೆ ಯಾರು ಎಂದು ಕೇಳಿದ ತಪ್ಪಿಗೆ ಎಂಟರ ವಯಸ್ಸಿನ ಯಮನೂರನ ಕಪಾಳಕ್ಕೆ ಬಿದ್ದಿತ್ತು. ಆಗ ಉದುರಿದ್ದು ಹಾಲುಹಲ್ಲು. ಮೇಲಿನ ಮೂರರಲ್ಲಿ ಅದು ಸೇರಿಲ್ಲ.

ಕಾಡುಗೋಡಿಯಲ್ಲಿ ಅವನೂ ಹೆಂಡತಿ ಸಿದ್ದಕ್ಕನೂ ಇದ್ದದ್ದು ನರಸಪ್ಪನ ವಠಾರದಲ್ಲಿ. ನರಸಪ್ಪ ಮೂಲ ಊರಿನವನು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಕೋಣೆ ಬೆಳೆಯುತ್ತಾನೆ. ಒಬ್ಬರು ಮೈಮುರಿದರೆ ಇನ್ನೊಬ್ಬರು ಹೊರಗೆ ಹೋಗಬೇಕು, ಅಷ್ಟು ವಿಶಾಲವಾದ ಕೋಣೆಗಳು. ಊರಾಚೆಯ ಕೆರೆಯ ಮೀನಿನ ಟೆಂಡರೂ ಅವನದೇ. ಏರಿಯ ಮೇಲೆ ಒಂದು ಬೋರ್ಡು ನೆಡಿಸಿದ್ದ: ‘ಜೂನ್, ಜುಲೈ ಮೊಟ್ಟೆ ಇಡುವ ಕಾಲ. ಮೀನು ಹಿಡಿಯುವುದು ಅಪರಾಧ.’

ಹೋದ ವರ್ಷ ಜುಲೈಯಲ್ಲಿ ಆ ಕೆರೆಯ ಅಂತರಗಂಗೆ ತೆಗೆಯಲು ಆಳು ಬೇಕಾಯಿತು. ಕಳೆ ಎಷ್ಟು ದಟ್ಟವಾಗಿತ್ತೆಂದರೆ, ಕ್ಯಾಬ್ ಓಡಿಸುವವನೊಬ್ಬ ಅದನ್ನು ಆಟದ ಮೈದಾನವೆಂದು ತಿಳಿದು ಮಧ್ಯದಲ್ಲಿ ಗಾಡಿ ನಿಲ್ಲಿಸಿ ನಿದ್ದೆ ಹೊಡೆದು, ಎದ್ದು, ವೈಟ್‌ಫೀಲ್ಡಿಗೆ ಟ್ರಿಪ್ ಹೋದನಂತೆ. ಯಮನೂರ, ಸಿದ್ದಕ್ಕ, ಪಕ್ಕದ ಕೋಣೆಯ ರೇವಣಸಿದ್ದ ಮೂವರೂ ಕೂಲಿಗೆ ಸೇರಿದರು. ರೇವಣಸಿದ್ದ ಕಲಬುರಗಿಯವನು, ಮೂವತ್ತರ ಗಟ್ಟಿ ಆಳು, ಯಾವಾಗಲೂ ಹಸಿದವನು. ಕಳೆಯ ಸುತ್ತ ದಪ್ಪ ಹಗ್ಗದ ಬಲೆ ಬಿಟ್ಟು, ತುದಿಗಳನ್ನು ಸೊಂಟಕ್ಕೆ ಕಟ್ಟಿಕೊಂಡು ದಡಕ್ಕೆ ಎಳೆಯುವುದು, ಎಳೆದ ರಾಶಿಯನ್ನು ಟ್ರ್ಯಾಕ್ಟರಿಗೆ ತುಂಬಿಸುವುದು. ಏಳು ದಿನ ಎತ್ತಿನಂತೆ ಎಳೆದರು.

ಎಂಟನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಬಲೆ ಇವರನ್ನು ಎಳೆಯಿತು. ರೇವಣಸಿದ್ದ ಮುಖ ಅಡಿಯಾಗಿ ಬಿದ್ದ. ಮೂವರೂ ಹಲ್ಲು ಕಚ್ಚಿ ದಡಕ್ಕೆ ತಂದಾಗ ಕಳೆಯೊಳಗಿಂದ ಒಂದು ಗೆಂಡೆ ಮೀನು ಎದ್ದಿತು. ರೇವಣಸಿದ್ದನ ಪ್ರಕಾರ ಅದು ನೂರು ಕಿಲೋ. ಎಮ್ಮೆ ಕರುವಿಗಿಂತ ಒಂದು ಬೆರಳು ಚಿಕ್ಕದು ಎಂದು ಸಿದ್ದಕ್ಕ. ನಿಜ ಹೇಳುವವರು ಒಂಬತ್ತು ಕಿಲೋ ಎನ್ನುತ್ತಾರೆ, ಆದರೆ ಅಂಥವರು ಅಲ್ಲಿ ಯಾರೂ ಇರಲಿಲ್ಲ. ಬಗ್ಗಿ ನೋಡಿದ ರೇವಣಸಿದ್ದನ ಮೂಗಿಗೆ ಅದು ಬಾಲದಿಂದ ಬಾರಿಸಿತು. ಆ ಸದ್ದಿಗೆ ಮೆಟ್ರೋ ನಿಲ್ದಾಣದಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ರೈಲು ಹೆದರಿ ಮತ್ತೆ ತೆರೆದುಕೊಂಡಿತು. ಅವನ ಮೂಗಿನಿಂದ ರಕ್ತ ಗದ್ದದವರೆಗೆ ಇಳಿಯಿತು.

ರೇವಣಸಿದ್ದ ಕಳೆ ಕತ್ತರಿಸುವ ಮಚ್ಚು ಎತ್ತಿಕೊಂಡ. ಯಮನೂರ ಮೀನಿನ ಹೊಟ್ಟೆಯ ಮೇಲೆ ಅಂಗೈಯಿಟ್ಟು ನೋಡಿದ. ಹೊಟ್ಟೆ ಬಿಗಿದು ಉಬ್ಬಿತ್ತು.

"ಮಚ್ಚು ಕೆಳಗಿಡು. ಬಸರಿ ಅದಾಳ."

"ಸರಿ ಕಾಕಾ ಅತ್ತಾಗ. ನಾವೇನು ಹಿಡೀಲಾಕ ಹೋಗಿದ್ವೇನು? ತಾನೇ ಬಂದದ. ತಾನೇ ಬಂದದ್ದು ತಿಂದ್ರ ತಪ್ಪೇನದ?"

"ತಾನ ಬಂದೈತಿ ಅಂತನ ತಿನ್ನಬಾರದು. ಹುಡುಕಿ ಹಿಡಿದಿದ್ರ ಬ್ಯಾರೆ ಮಾತಿತ್ತು."

"ಈ ನೀರಾಗ ಬಿಟ್ರ ಹೆಂಗೂ ಸಾಯ್ತದ."

"ಸಾಯೋದು ಆಕೀ ಕೆಲಸ. ಕೊಲ್ಲೋದು ನಿನ್ನ ಕೆಲಸ ಅಲ್ಲ."

ರೇವಣಸಿದ್ದ ಮಚ್ಚು ಬೀಸಿದ. ಯಮನೂರ ಅವನ ಮಣಿಕಟ್ಟು ಹಿಡಿದು ತಿರುವಿದ. ಮಚ್ಚು ಕೆಸರಿಗೆ ನಾಟಿತು. ಆಮೇಲೆ ಇಬ್ಬರೂ ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ತಾಯಂದಿರನ್ನು ಕರೆಯತೊಡಗಿದರು. ರೇವಣಸಿದ್ದನ ಮೊಣಕೈ ಯಮನೂರನ ದವಡೆಗೆ ಅಪ್ಪಳಿಸಿತು. ಮೊದಲನೆಯ ಹಲ್ಲು ಅಲ್ಲಿ ಹೋಯಿತು. ಯಮನೂರ ಅದನ್ನು ಉಗುಳಿ, ಅವನ ತಲೆಗೂದಲು ಹಿಡಿದು ಕೆಸರಿಗೆ ಒತ್ತಿ, ಗುಳ್ಳೆ ಏಳುವುದು ನಿಧಾನವಾಗುವವರೆಗೂ ಮೇಲೆ ಕುಳಿತ. ಸಿದ್ದಕ್ಕ ಹಗ್ಗದ ತುದಿಯಿಂದ ಗಂಡನ ಬೆನ್ನಿಗೆ ಎರಡು ಬಾರಿಸಿದ ಮೇಲೆ ಎದ್ದ. ಇಲ್ಲದಿದ್ದರೆ ಅವತ್ತು ಮೀನಿನ ಬದಲು ರೇವಣಸಿದ್ದನ ಹೆಣ ಎತ್ತಬೇಕಾಗುತ್ತಿತ್ತು.

ಆಗಲೇ ನೀರಿಗೆ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಬೇರೆ ಯಾರಾದರೂ ಬಿಡುತ್ತಿದ್ದರು. ಆದರೆ ದುರ್ಗವ್ವನ ಮಗ ಮೀನನ್ನು ಸಿಮೆಂಟು ಕಲಸುವ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ ಮಲಗಿಸಿದ, ಬಿಸಿಲು ತಾಗದಂತೆ ತನ್ನ ಅಂಗಿ ಬಿಚ್ಚಿ ಹೊದಿಸಿದ, ಹೆಂಡತಿಗೆ ಹೇಳಿದ: "ರೂಮಿಗೆ ಹೋಗಿ ಜ್ವಾಳ, ಅರಿಸಿಣ, ಕುಂಕಮ, ಒಂದು ಕಣ ತಗೊಂಬಾ. ಲಗೂನ."

"ಹೊಸಾ ಕಣ ಒಂದ ಐತಿ. ನನ್ನ ತವರಿನವರು ಕೊಟ್ಟಿದ್ದು."

"ಆಕೀಗೂ ತವರ ಇದು."

ಸಿದ್ದಕ್ಕ ಓಡಿದಳು. ಹೋಗಿ ಬರಲು ಇಪ್ಪತ್ತು ನಿಮಿಷ. ಕಾಡುಗೋಡಿಯಲ್ಲಿ ಸುದ್ದಿ ಮುಟ್ಟಲು ಎರಡು ನಿಮಿಷವೂ ಬೇಡ. ಏರಿಯ ಮೇಲೆ ವಾಕಿಂಗ್ ಮಾಡುತ್ತಿದ್ದವರು ಟಬ್ಬಿನ ವಿಡಿಯೋ ತೆಗೆದು ಕಳಿಸಿದರು. ಮೂಗು ಹಿಡಿದು ಕೂತಿದ್ದ ರೇವಣಸಿದ್ದನ ಎದುರೇ ನರಸಪ್ಪನ ಬುಲೆಟ್ ಬಂದು ನಿಂತಿತು. ಹಿಂದೆ ಮಗ ಶಶಿಕುಮಾರ್, ಅವನ ಕೈಯಲ್ಲಿ ಬಿದಿರುಕೋಲು. ಜಿಮ್ಮಿಗೆ ಹೋಗಿ ಬೆಳೆಸಿದ ತೋಳುಗಳಿಗೆ ಅವನು ಬಹಳ ದಿನದಿಂದ ಕೆಲಸ ಹುಡುಕುತ್ತಿದ್ದ.

"ಏನ್ಲಾ ಯಮನೂರ, ಬೋರ್ಡು ಓದಕ್ಕೆ ಬರಾಕಿಲ್ವಾ?" ಎಂದ ನರಸಪ್ಪ.

"ಹಿಡದಿಲ್ರಿ ಮಾಲಕ್ರ. ಕಳಿ ಎಳಿಯಾಕ ಹೋದ್ರ ತಾನ ಬಂತ್ರಿ."

"ಎಲ್ಲಾ ಕಳ್ರೂ ಇಂಗೇ ಯೋಳೋದು. ತಾನೇ ಬಂತಂತೆ. ಬಂದು ಟಬ್ನಾಗೆ ಮಲಿಕ್ಕಂಡು ಅಂಗಿ ಒದ್ಕಂತಂತೆ."

"ಬಿಡತೀನ್ರಿ. ಉಡಿ ತುಂಬಿ ಬಿಡತೀನಿ."

ಏರಿಯ ಮೇಲಿನವರು ನಕ್ಕರು. ಶಶಿಕುಮಾರ್ ನಗಲಿಲ್ಲ. "ಕಥೆ ಕಟ್ತಾವ್ನೆ ಕಣಪ್ಪ. ಮೀನು ಎತ್ಕೊಂಡು ಸ್ಟೇಷನ್‌ಗೆ ಹೋಗಣ. ಪ್ರೂಫ್ ಇಲ್ದೆ ಕೇಸ್ ನಿಲ್ಲಲ್ಲ."

"ಸ್ಟೇಷನ್ನಿಗೆ ಹೋಗೂತನ ಸತ್ತ ಹೋಗತೈತ್ರಿ."

"ಸತ್ರೆ ಇನ್ನೂ ಒಳ್ಳೇದು ಗುರು. ಬದುಕಿದ್ರೆ ನೀನು ಬಿಡ್ತಿದ್ದೆ ಅಂತೀಯ. ಸತ್ರೆ ನೀನೇ ಸಾಯ್ಸಿದ್ದು ಅಂತ ಗ್ಯಾರಂಟಿ."

ಮೀನನ್ನು ಕೊಲ್ಲಬಾರದೆಂಬ ಕಾನೂನಿಗೆ ಸಾಕ್ಷಿಯಾಗಿ ಮೀನೇ ಸಾಯಬೇಕು. ಯಮನೂರ ಟಬ್ಬನ್ನು ಎರಡು ತೋಳಿನಿಂದ ತಬ್ಬಿ ಅದರ ಮೇಲೆ ಬಾಗಿ ಕುಳಿತ. "ಸಾಕ್ಷಿ ಬೇಕಂದ್ರ ನನ್ನ ಒಯ್ಯಿರಿ. ಆಕೀನ್ನ ಮುಟ್ಟಬ್ಯಾಡ್ರಿ."

ಬಿದಿರುಕೋಲು ಇಳಿಯಿತು. ಮೊದಲ ಏಟು ಬೆನ್ನಿಗೆ, ಎರಡನೆಯದು ಕುತ್ತಿಗೆಗೆ, ಮೂರನೆಯದು ಬೆರಳ ಗಂಟುಗಳಿಗೆ. ಒದ್ದೆ ಮೈಗೆ ಬಿದಿರು ಬಿದ್ದರೆ ಚರ್ಮ ತಾನೇ ಸೀಳುತ್ತದೆ. ಏಟು ಬಿದ್ದಾಗಲೆಲ್ಲ ಟಬ್ಬಿನ ನೀರು ಕುಲುಕಿತು, ಕುಲುಕಿದಾಗಲೆಲ್ಲ ಗೆಂಡೆ ಕೆಳಗಿನಿಂದ ಅವನ ಎದೆಗೆ ಗುದ್ದಿತು. ಮೇಲಿನವನು ಕಾನೂನಿಗಾಗಿ ಹೊಡೆಯುತ್ತಿದ್ದ, ಕೆಳಗಿನವಳು ಉಸಿರಿಗಾಗಿ. ನಡುವೆ ಸಿಕ್ಕ ಯಮನೂರ ನೀರು ಚೆಲ್ಲದಂತೆ ನೋಡಿಕೊಂಡ, ಅಷ್ಟೇ. ಹದಿನೈದನೆಯ ಏಟಿಗೆ ಬಿದಿರು ಮುರಿಯಿತು. ಶಶಿಕುಮಾರ್ ತುಂಡು ಎಸೆದು ಬೂಟಿನಿಂದ ಮುಖಕ್ಕೆ ಒದ್ದ. ಎರಡನೆಯ ಹಲ್ಲು ಟಬ್ಬಿನೊಳಗೇ ಬಿತ್ತು.

ಆ ಹೊತ್ತಿಗೆ ಸಿದ್ದಕ್ಕ ಬಂದಳು. ಸೆರಗಿನಲ್ಲಿ ಜೋಳ, ಕಂಕುಳಲ್ಲಿ ಹಸಿರು ಕಣ, ಮುಷ್ಟಿಯಲ್ಲಿ ಅರಿಸಿನ ಕುಂಕುಮ. ಒದೆಯುತ್ತಿದ್ದ ಕಾಲು ದಾಟಿ ಟಬ್ಬಿನ ಮುಂದೆ ಕುಳಿತು ಮೀನಿನ ಹಣೆಗೆ ಅರಿಸಿನ ಹಚ್ಚಿದಳು, ಕುಂಕುಮ ಇಟ್ಟಳು. ಮುಷ್ಟಿಯಲ್ಲಿ ಉಳಿದದ್ದನ್ನು ಎದ್ದು ನಿಂತು ಶಶಿಕುಮಾರನ ಎರಡೂ ಕಣ್ಣಿಗೆ ತಿಕ್ಕಿದಳು. ಅವನು ಕಣ್ಣು ಮುಚ್ಚಿಕೊಂಡು ನೆಗೆದ ಎತ್ತರ ನೋಡಿದರೆ ಪಕ್ಕದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರು ಬಾಲ್ಕನಿಯಿಂದಲೇ ಕೈಕುಲುಕಬಹುದಿತ್ತು. ನರಸಪ್ಪ ಮಗನತ್ತ ಓಡಿದ.

"ಈಗ ಹೋಗು," ಎಂದಳು ಗಂಡನಿಗೆ.

ಯಮನೂರ ಗೆಂಡೆಯನ್ನು ಎದೆಗವಚಿಕೊಂಡು ನೀರಿಗಿಳಿದ. ಸಿದ್ದಕ್ಕ ಹಿಂದೆಯೇ ಹೋಗಿ ಕಣವನ್ನು ಮೀನಿಗೊಮ್ಮೆ ಮುಟ್ಟಿಸಿ, ಒಂದು ಹಿಡಿ ಜೋಳ ನೀರಿಗೆ ಬಿಟ್ಟಳು. ಮೀನು ಕೈಯಲ್ಲೇ ಸೋತು ವಾಲಿತು. ಕಿವಿರು ಅಲುಗಲಿಲ್ಲ. ಯಮನೂರ ಅದರ ಹೊಟ್ಟೆಯಡಿ ಕೈಯಿಟ್ಟು, ಎದೆಮಟ್ಟ ನೀರಿನಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ನಿಂತ. ಮೂಗು ಒಡೆದ ರೇವಣಸಿದ್ದನೂ ಎದ್ದು ನೋಡಿದ. ಕಿವಿರು ಒಮ್ಮೆ ತೆರೆಯಿತು. ಮತ್ತೊಮ್ಮೆ ತೆರೆಯಿತು. ಆಮೇಲೆ ಗೆಂಡೆ ಅವನ ಪಕ್ಕೆಗೆ ಬಾಲದಿಂದ ಒಂದು ಬಾರಿಸಿ, ಒಂದು ಎಲುಬು ಬಿರುಕು ಬಿಡಿಸಿ, ಹೊರಟುಹೋಯಿತು.

"ಹೋದ್ಲು," ಎಂದ ಯಮನೂರ. ಬಾಯಿಂದ ರಕ್ತ ಸುರಿಯುತ್ತಿದ್ದರೂ ಮುಖ ಅರಳಿತ್ತು.

ದಡಕ್ಕೆ ತಿರುಗಿದವನು ಬೆಳಿಗ್ಗೆ ಎಳೆದ ಕಳೆಯ ರಾಶಿಗೆ ಒರಗಿದ. ಕೈಗೆ ಬೇರಿನ ಗೊಂಚಲು ಸಿಕ್ಕಿತು. ಕಪ್ಪು ಬೇರಿನ ಎಳೆ ಎಳೆಗೂ ಹಳದಿ ಬಿಳುಪಿನ ಸಣ್ಣ ಮಣಿಗಳು, ನೆನೆಸಿದ ಸಾಬುದಾಣಿಯಂತೆ. ಒಂದನ್ನು ಉಗುರಿನಿಂದ ಎತ್ತಿ ಬಿಸಿಲಿಗೆ ಹಿಡಿದ. ಒಳಗೆ ಎರಡು ಕಪ್ಪು ಚುಕ್ಕೆ, ಕಣ್ಣು ಮೂಡಿದ್ದವು. ಹೊಳೆಯಲ್ಲಿ ಅಂತರಗಂಗೆ ಇರಲಿಲ್ಲ. ಮೀನು ಬೇರಿಗೆ ಮೊಟ್ಟೆ ಅಂಟಿಸುತ್ತದೆಂದು ಹೊಳೆಯವನಿಗೆ ಯಾರೂ ಹೇಳಿರಲಿಲ್ಲ. ಏಳು ದಿನ, ಹದಿನಾಲ್ಕು ಟ್ರ್ಯಾಕ್ಟರು. ಏರಿಯ ಆಚೆ ಬಿಸಿಲಿಗೆ ಒಣಗಿ ಬಿದ್ದ ರಾಶಿಗಳನ್ನು ನೋಡಿದ.

"ಮಾಲಕ್ರ," ಎಂದು ಬೇರನ್ನು ಎತ್ತಿ ತೋರಿಸಿದ, "ಇದು ನಿಮ್ಮ ಬೋರ್ಡಿನಾಗ ಬರದೈತೇನ್ರಿ?"

ಮಗನ ಕಣ್ಣಿಗೆ ನೀರು ಹಾಕುತ್ತಿದ್ದ ನರಸಪ್ಪ ಹತ್ತಿರ ಬಂದು ಬಗ್ಗಿ ನೋಡಿದ. ಅವನಿಗೆ ತಕ್ಷಣ ತಿಳಿಯಿತು. ಈ ಕೆರೆಯ ನೀರು ಕುಡಿದು ಬೆಳೆದವನು.

"ಬೋರ್ಡ್ನಾಗೆ ಮೀನು ಅಂತ ಐತೆ," ಎಂದ. "ಮೊಟ್ಟೆ ಅಂತ ಇಲ್ಲ."

ಯಮನೂರ ಮಂಡಿಯೂರಿದ. "ತಪ್ಪಾತು ಯವ್ವಾ," ಎಂದು ಕೆರೆಗೆ ಮುಖ ಮಾಡಿ ಗಲ್ಲ ಗಲ್ಲ ಬಡಿದುಕೊಂಡ. ದೇವರ ಮುಂದೆ ಮಾಡುವಂತೆ ಮೆಲ್ಲಗೆ ಶುರುವಾಯಿತು. ಮೂರನೆಯದಕ್ಕೆ ಕೈ ಬಿಗಿಯಿತು. ಆರನೆಯದಕ್ಕೆ ಅಂಗೈ ಮುಷ್ಟಿಯಾಯಿತು. ಶಶಿಕುಮಾರನ ಬೂಟು ಈ ಮುಷ್ಟಿಯ ಮುಂದೆ ಹತ್ತಿಯ ದಿಂಬು. ಬಡಿದ, ಬಡಿದ, ಕಣ್ಣು ಬಾತು ಮುಚ್ಚುವವರೆಗೆ ಬಡಿದ. ಬಿದಿರಿನ ಏಟಿಗೆ ಬಾಯಿ ಬಿಡದವನು ಈಗ ಗಾಯಗೊಂಡ ಕೋಣದಂತೆ ಅರಚುತ್ತಿದ್ದ. ನರಸಪ್ಪ ಕೈ ಹಿಡಿಯಲು ಹೋಗಿ ತಾನೇ ಕೆಸರಿಗೆ ಬಿದ್ದ. ಮೂರನೆಯ ಹಲ್ಲು ರಕ್ತದ ಜೊತೆ ಕೆಳಗಿಳಿಯಿತು.

ಸಿದ್ದಕ್ಕ ಹಿಂದಿನಿಂದ ಅವನ ಎರಡೂ ಕೈಗಳನ್ನು ಬಲೆಯ ಹಗ್ಗದಿಂದ ಬಿಗಿದಳು. "ಸಾಕು. ರೊಟ್ಟಿ ತಿನ್ನಾಕ ನಾಕ ಹಲ್ಲಾರ ಇರಲಿ."

ಬೆಳಿಗ್ಗೆಯ ರಾಶಿ ಇನ್ನೂ ಹಸಿಯಾಗಿತ್ತು. ಅವಳು ಒಂದು ತುದಿಗೆ ಭುಜ ಕೊಟ್ಟು ನೀರಿಗೆ ನೂಕತೊಡಗಿದಳು. ರೇವಣಸಿದ್ದ ಸ್ವಲ್ಪ ಹೊತ್ತು ನೋಡಿದ. "ಇವತ್ತು ಕೂಲಿ ಇಲ್ಲ, ಮೀನೂ ಇಲ್ಲ, ಮೂಗೂ ಇಲ್ಲ," ಎಂದು ಗೊಣಗುತ್ತ ಇನ್ನೊಂದು ತುದಿಗೆ ಕೈಹಾಕಿದ. ಒಣಗಿದ ರಾಶಿಗಳಿಗೆ ಮಾಡುವಂಥದ್ದು ಏನೂ ಇರಲಿಲ್ಲ. ಸೆರಗಿನಲ್ಲಿ ಉಳಿದಿದ್ದ ಜೋಳವನ್ನು ಸಿದ್ದಕ್ಕ ಅವುಗಳ ಮೇಲೆ ಚೆಲ್ಲಿ ಬಂದಳು.

ಕೇಸು ಆಗಲಿಲ್ಲ, ಸಾಕ್ಷಿ ಈಜಿಕೊಂಡು ಹೋಗಿತ್ತು. ಜುಲೈ ಮುಗಿಯುವವರೆಗೂ ಯಮನೂರ ಕಳೆ ಎಳೆಯುವ ಕೊಕ್ಕೆ ಹಿಡಿದು ದಡದಲ್ಲಿ ಕುಳಿತ. ಕಳೆ ತೆಗೆಯಲು ಬೇರೆ ಆಳುಗಳ ಮೂರು ಗುಂಪು ಬಂದವು, ಮೂರೂ ಬಂದ ದಾರಿಯಲ್ಲಿ ಬಂದದ್ದಕ್ಕಿಂತ ಬೇಗ ಹೋದವು. ಆಮೇಲೆ ಆ ಕೆಲಸ ಅವನಿಗೆ ಯಾರೂ ಕೊಡಲಿಲ್ಲ. ಈಗ ಅವನು ನಾಗಸಂದ್ರದ ಕಡೆ ಒಂದು ಕಾರ್ಖಾನೆಯಲ್ಲಿ ತಗಡು ಹೊರುತ್ತಾನೆ. ಅಲ್ಲಿನ ಕ್ಯಾಂಟೀನಿನಲ್ಲಿ ಸಾಬುದಾಣಿ ಪಾಯಸ ಮಾಡಿದ ದಿನ ತಟ್ಟೆ ಬಿಟ್ಟು ಎದ್ದು ಹೊರಗೆ ಹೋಗಿ ನಿಲ್ಲುತ್ತಾನೆ, ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅಡಗಿಸಿಕೊಂಡು.